ಬೆಟ್ಟದ ಊರಿಗೆ ಚಂಡಮಾರುತ: ಕಡ್ಡಾಯ ತೆರವು ಬೇಕೇ?

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಗಂಟೆಗೆ ಸುಮಾರು 225 ಕಿ.ಮೀ. ವೇಗದ ಗಾಳಿಯೊಂದಿಗೆ ಅಮೆರಿಕದ ಫ್ಲಾರಿಡಾ ಕರಾವಳಿಗೆ ಅಪ್ಪಳಿಸಿತು. ಅತಿ ಹೆಚ್ಚು ಸಾವು ಕಂಡದ್ದು ಮಾತ್ರ ಉತ್ತರ ಕೆರೊಲಿನಾ. ಆ ರಾಜ್ಯದ ಬೆಟ್ಟದ ಊರುಗಳು ಫ್ಲಾರಿಡಾ ಕರಾವಳಿಯಿಂದ 500 ಕಿ.ಮೀ.ಗೂ ಹೆಚ್ಚು ದೂರ, ಆದರೂ ಸತ್ತವರು 100ಕ್ಕೂ ಹೆಚ್ಚು. ಇಂಥ ಮುನ್ಸೂಚನೆ ಬಂದಾಗ ಬೆಟ್ಟದ ಜನರಿಂದ ಸರ್ಕಾರ ಕಡ್ಡಾಯವಾಗಿ ಮನೆ ಬಿಡಿಸಬೇಕೇ?

ಪರ

ಬಿಡಿಸಲೇಬೇಕು. ಹೆಲೀನ್ ಹೇಳದೆ ಕೇಳದೆ ಬಂದದ್ದಲ್ಲ. ಈ ಭಾಗ ಆಧುನಿಕ ಕಾಲದಲ್ಲಿ ಕಂಡ ಅತಿ ಗಂಭೀರ ವಿಪತ್ತುಗಳಲ್ಲಿ ಇದೂ ಒಂದಾಗಬಹುದು ಎಂದು ರಾಷ್ಟ್ರೀಯ ಹವಾಮಾನ ಸೇವೆ ಮೊದಲೇ ಎಚ್ಚರಿಸಿ, 1916ರ ಮಹಾಪ್ರವಾಹವನ್ನು ನೆನಪಿಸಿತ್ತು. ಚಂಡಮಾರುತಕ್ಕೂ ಮುಂಚೆ ಸುರಿದ ಮಳೆಗೆ ನೆಲ ನೆನೆದು ತುಂಬಿತ್ತು. ಕಡಲ ತೇವ ಹೊತ್ತ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿದರೆ ಮಳೆ ಎಷ್ಟು ಜೋರಾಗುತ್ತದೆಂದು ಘಟ್ಟದ ಮಳೆ ಕಂಡವರಿಗೆ ಹೇಳಬೇಕಿಲ್ಲ. ಉತ್ತರ ಕೆರೊಲಿನಾದ ಬ್ಯುಸಿಕ್ ಎಂಬಲ್ಲಿ ಕೆಲವೇ ದಿನಗಳಲ್ಲಿ 30 ಅಂಗುಲಕ್ಕೂ ಹೆಚ್ಚು ಸುರಿಯಿತು. ಅದೇ ರಾಜ್ಯದ ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 24 ಅಡಿ ದಾಟಿ 1916ರ ಮಟ್ಟವನ್ನೂ ಮೀರಿತು.

ಇಷ್ಟು ಗೊತ್ತಿದ್ದೂ ಹೊರಡುವ ತೀರ್ಮಾನವನ್ನು ಆಯಾ ಮನೆಯವರಿಗೇ ಬಿಟ್ಟರೆ ಹೊರಡುವವರು ಯಾರು? ಕಾರು, ಹಣ, ಬೇರೆ ಊರಲ್ಲಿ ನೆಂಟರು ಇರುವವರು. ಉಳಿಯುವವರು ವಯಸ್ಸಾದವರು, ಕಾಯಿಲೆಯವರು, ಹೊಳೆದಂಡೆಯ ಟ್ರೇಲರ್ ಮನೆಗಳಲ್ಲಿರುವ ಕೂಲಿಯವರು. ಆದೇಶ ಕಡ್ಡಾಯವಾದರೆ ಬಸ್ಸು, ಆಶ್ರಯ ಶಿಬಿರ ಒದಗಿಸುವ ಹೊಣೆಯೂ ಸರ್ಕಾರದ ಹೆಗಲೇರುತ್ತದೆ. ಆ ದಿನ ಕೆಲಸಕ್ಕೆ ಬಾ ಎನ್ನಲು ಮಾಲೀಕನಿಗೂ ಮುಖವಿರುವುದಿಲ್ಲ. ಇದೇ ಹೆಲೀನ್ ಪ್ರವಾಹದಲ್ಲಿ ನೆರೆಯ ಟೆನೆಸ್ಸೀ ರಾಜ್ಯದ ಅರ್ವಿನ್‌ನಲ್ಲಿ ಆಸ್ಪತ್ರೆಯೊಂದರ ರೋಗಿಗಳು, ಸಿಬ್ಬಂದಿ ಸೇರಿ 50ಕ್ಕೂ ಹೆಚ್ಚು ಜನ ಛಾವಣಿ ಹತ್ತಿ ಹೆಲಿಕಾಪ್ಟರಿಗಾಗಿ ಕಾಯಬೇಕಾಯಿತು. ಹಿಂದಿನ ದಿನವೇ ಕಟ್ಟಡ ತೆರವಾಗಿದ್ದರೆ ಅವರಿಗೆ ಆ ಗತಿ ಬರುತ್ತಿರಲಿಲ್ಲ. ಊರು ಖಾಲಿ ಮಾಡಿಸಿದ ಮೇಲೆ ಮಳೆ ಬಾರದೇ ಹೋದರೆ ಜನ ಬೈಯುತ್ತಾರೆ, ನಿಜ. ಬೈಸಿಕೊಳ್ಳುವುದೂ ಅಧಿಕಾರಿಗಳ ಕೆಲಸದ ಭಾಗ.

ವಿರೋಧ

ಎಲ್ಲಿಂದ ಬಿಡಿಸುತ್ತೀರಿ, ಎಲ್ಲಿಗೆ ಕಳಿಸುತ್ತೀರಿ? ಕರಾವಳಿಯಲ್ಲಿ ಕಡಲು ಎಲ್ಲಿಯವರೆಗೆ ನುಗ್ಗಬಹುದೆಂದು ಅಂದಾಜಿಸಿ ವಲಯ ಗುರುತಿಸಿರುತ್ತಾರೆ. ಒಳನಾಡಿಗೆ ಹೋದರೆ ಆಯಿತು. ಬೆಟ್ಟದಲ್ಲಿ ಹಾಗಲ್ಲ. ಹೊಳೆಗೆ ಹೆದರಿ ಮೇಲೆ ಹತ್ತಿದರೆ ಗುಡ್ಡ ಜಾರುತ್ತದೆ, ಗುಡ್ಡಕ್ಕೆ ಹೆದರಿ ಕೆಳಗಿಳಿದರೆ ಹೊಳೆ ಕಾದಿರುತ್ತದೆ. ಹೆಲೀನ್ ಮಳೆಗೆ ಆದ 2,000ಕ್ಕೂ ಹೆಚ್ಚು ಭೂಕುಸಿತಗಳನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದೆ. ಊರು ಬಿಟ್ಟು ಹೊರಡುವ ರಸ್ತೆಗಳೂ ಬಹುಪಾಲು ಹೊಳೆಯ ಪಕ್ಕದಲ್ಲೇ ಸಾಗುತ್ತವೆ. ಪಿಜನ್ ನದಿಯ ಕಮರಿಯಲ್ಲಿ 40ನೇ ಅಂತರರಾಜ್ಯ ಹೆದ್ದಾರಿಯ ಭಾಗಗಳೇ ಕೊಚ್ಚಿಹೋದವು. ತಡವಾಗಿ ಬಂದ ಆದೇಶ ಜನರನ್ನು ಅಂಥ ರಸ್ತೆಗೇ ತಳ್ಳುತ್ತದೆ.

2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಟೆಕ್ಸಾಸ್‌ನ ಹ್ಯೂಸ್ಟನ್ ಸುತ್ತಲಿನ ಲಕ್ಷಾಂತರ ಜನ ಒಮ್ಮೆಗೇ ಹೊರಟರು. ಸುಡುಬಿಸಿಲಲ್ಲಿ, ಗಂಟೆಗಟ್ಟಲೆ ಅಲುಗದ ವಾಹನಗಳ ಸಾಲಿನಲ್ಲಿ ಹಲವರು ಸತ್ತರು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಮಂದಿ ಹೋದರು. ಆ ಸಲ ಗಾಳಿ-ನೀರಿಗಿಂತ ತೆರವಿಗೇ ಹೆಚ್ಚು ಜನ ಬಲಿಯಾದರು.

ಈ ಚರ್ಚೆಯಲ್ಲಿ ನನಗೆ ಸಿಟ್ಟು ಬರಿಸುವ ಸಂಗತಿಯೇ ಬೇರೆ. 2004ರಲ್ಲಿ ಐವನ್ ಚಂಡಮಾರುತದ ಮಳೆಗೆ ಇದೇ ಉತ್ತರ ಕೆರೊಲಿನಾದ ಪೀಕ್ಸ್ ಕ್ರೀಕ್‌ನಲ್ಲಿ ಗುಡ್ಡ ಜಾರಿ 5 ಜನ ಸತ್ತಿದ್ದರು. ಆಮೇಲೆ ಭೂಕುಸಿತದ ನಕ್ಷೆ ಮಾಡಲು ಹಣ ಕೊಟ್ಟರು. 2011ರಲ್ಲಿ ಆ ಕೆಲಸವನ್ನೇ ನಿಲ್ಲಿಸಿದರು. ಮತ್ತೆ ಶುರುವಾಗಲು ವರ್ಷಗಳೇ ಹಿಡಿದವು. ಯಾವ ಇಳಿಜಾರು ಜಾರಬಹುದೆಂದು ಹುಡುಕುವ ಕೆಲಸವನ್ನು ನಡುವೆ ಕೈಬಿಟ್ಟವರು, ಮಳೆ ಬಂದ ದಿನ ಇಡೀ ಕೌಂಟಿಗೆ ಮನೆ ಬಿಡಿ ಎಂದರೆ ಯಾರು ನಂಬಬೇಕು? ನಿಮ್ಮ ಹಿತ್ತಲಿನ ಗುಡ್ಡ ಅಪಾಯದ್ದು, ಹೋಗಬೇಕಾದ ಶಾಲೆ ಇದು, ದಾರಿ ಇದು ಎಂದು ಮೊದಲೇ ತಿಳಿಸಿದ್ದರೆ ಬಹಳ ಜನ ಆದೇಶಕ್ಕೆ ಕಾಯದೆ ಹೊರಡುತ್ತಾರೆ.

ಹೊಳೆದಂಡೆಯ ಮನೆಗಳನ್ನೂ ಆಸ್ಪತ್ರೆಗಳನ್ನೂ ಹಿಂದಿನ ದಿನವೇ ಖಾಲಿ ಮಾಡಿಸಲಿ, ಅದಕ್ಕೆ ನನ್ನ ತಕರಾರಿಲ್ಲ. ಉಳಿದ ಬೆಟ್ಟಕ್ಕೆ ಮೊದಲು ನಕ್ಷೆ ಮುಗಿಸಿ, ಪ್ರತಿ ಕಣಿವೆಯಲ್ಲೂ ನೀರು ಹತ್ತದ, ಗುಡ್ಡ ಜಾರದ ಒಂದು ಕಟ್ಟಡವನ್ನು ಗೊತ್ತು ಮಾಡಿ. 2018ರಲ್ಲಿ ಗುಡ್ಡ ಕುಸಿದು ಊರುಗಳನ್ನು ಕಳೆದುಕೊಂಡ ಕೊಡಗಿಗೂ ಬೇಕಿರುವುದು ಇದೇ.