ಗಿಡ ಕೊಡೋದು ಸರಿ, ಬೇಸಿಗೆಯಲ್ಲಿ ನೀರು ಹೊರೋರು ಯಾರು?



ಮದುವೆ, ಗೃಹಪ್ರವೇಶ, ಯಾವ ಕಾರ್ಯಕ್ಕೆ ಹೋದ್ರೂ ಈಗ ಗಿಡ ಉಡುಗೊರೆ ಕೊಡೋ ಪದ್ಧತಿ ಬಂದಿದೆ. ಹಾರ, ಶಾಲಿಗಿಂತ ಒಳ್ಳೇದೇ. ಆದ್ರೆ ನಮ್ಮ ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ಕೊಡೋ ಗಿಡ ನೋಡಿದ್ರೆ ನನ್ನದೊಂದು ತಕರಾರಿದೆ. ಅಡಿಕೆ, ಜಾಯಿಕಾಯಿ, ಮೆಣಸಿನ ಬಳ್ಳಿ, ಈಗೀಗ ಸೇಬು ಬೇರೆ. ನರ್ಸರಿಯಲ್ಲಿ ಹಸಿರಾಗಿ ಕಂಡದ್ದನ್ನ ಎತ್ಕೊಂಡು ಬರ್ತೀವಿ, ಅದು ಹೋಗೋ ಹೊಲ ಎಂಥದ್ದು ಅಂತ ಕೇಳೋದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ನಮ್ಮಲ್ಲಿ ಸರಾಸರಿ 600ರ ಒಳಗೇ. ಮಲೆನಾಡಿನ ಗಿಡ ಇಲ್ಲಿಗೆ ಬಂದ್ರೆ ಕೊಟ್ಟೋರು ಮರೆತುಬಿಡ್ತಾರೆ, ಇಸ್ಕೊಂಡೋನು ಮರೆಯೋ ಹಾಗಿಲ್ಲ. ಸ್ನೇಹಿತ ಕೊಟ್ಟದ್ದು ಅಂತ ಏಪ್ರಿಲ್, ಮೇನಲ್ಲಿ ಕೊಡ ಹೊರ್ತಾನೆ. ಆದ್ರೂ ಒಣಗಿದ್ರೆ ಅವನಿಗೆ ನಮ್ಮ ಮುಖ ನೋಡೋಕೆ ಸಂಕೋಚ.

ಬೋರಿದೆ, ಡ್ರಿಪ್ ಇದೆ, ಮಾರಿಕಣಿವೆ ಕೋಡಿ ಬಿತ್ತು, ಇನ್ನೇನು ಭಯ ಅಂತೀರಾ? 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮರುವರ್ಷ 2023ರಲ್ಲೇ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನ ಬರಪೀಡಿತ ಅಂತ ಸರ್ಕಾರ ಘೋಷಿಸ್ತು. ಮರ ಬದುಕೋದು ಹತ್ತಾರು ವರ್ಷ. ಒಂದು ಒಳ್ಳೆ ಮಳೆಗಾಲ ನೋಡಿ ಮರ ಆರಿಸಬಾರದು.

ಕೊಡೋ ಮೊದಲು ಮೂರು ಮಾತು ಕೇಳಿ: ಮಣ್ಣು ಯಾವುದು, ಬೇಸಿಗೆಯಲ್ಲಿ ನೀರು ಎಲ್ಲಿಂದ, ಜಾಗ ಎಷ್ಟು.

ಕೆಂಪು ಗರಸು ಮಣ್ಣಾದ್ರೆ ಸೀತಾಫಲ ಕೊಡಿ. ಕಲ್ಲು ಗುಡ್ಡದಲ್ಲೇ ತಾನಾಗಿ ಬೆಳೆಯೋ ಗಿಡ ಅದು, ದನ ಕುರಿಯೂ ಬಾಯಿ ಹಾಕಲ್ಲ. ಬೆಟ್ಟದ ನೆಲ್ಲಿ ಕೊಡೋದಾದ್ರೆ ಒಂದೇ ಕೊಡಬೇಡಿ, ಬೇರೆ ಬೇರೆ ತಳಿಯ ಎರಡು ಕೊಡಿ. ಒಂಟಿ ಗಿಡದಲ್ಲಿ ಹೂ ಬಂದ್ರೂ ಕಾಯಿ ಸರಿಯಾಗಿ ಕಚ್ಚಲ್ಲ. ಎರೆಮಣ್ಣಿನೋರಿಗೆ ಬೋರೆ ಆದೀತು. ನೀರು ನಿಲ್ಲೋ ಎರೆಯಲ್ಲಿ ಮಾವು ಮಾತ್ರ ಬೇಡ. ಹುಣಸೆ ನಮ್ಮ ಸೀಮೆಯ ಮರವೇ, ಆದ್ರೆ ಒಂದೆಕರೆ ಹೊಲದೋನಿಗೆ ಕೊಡಬೇಡಿ. ಬದುವಿಗೆ ನೆಟ್ಟು ದೊಡ್ಡದಾದ್ಮೇಲೆ ನೆರಳು ಪಕ್ಕದ ಹೊಲಕ್ಕೆ ಬೀಳುತ್ತೆ, ದಾಯಾದಿ ಜಗಳ ಶುರುವಾಗುತ್ತೆ. ಜಾಗ ಇದ್ದೋರಿಗೆ ಕಸಿ ಹುಣಸೆ ಕೊಡಿ, ಬೀಜದ ಗಿಡಕ್ಕಿಂತ ಬೇಗ ಫಸಲಿಗೆ ಬರುತ್ತೆ. ಕಸಿ ಕಟ್ಟಿದ ಜಾಗದ ಕೆಳಗೆ ಬರೋ ಚಿಗುರು ಚಿವುಟೋಕೂ ಹೇಳಿ.

ಇವಕ್ಕೂ ಮೊದಲ ಒಂದೆರಡು ಬೇಸಿಗೆ ನೀರು ಬೇಕು, ಇಲ್ಲ ಅನ್ನಲ್ಲ. ಆಮೇಲೆ ಮಳೆಯಲ್ಲೇ ಬದುಕ್ತವೆ. ಅಡಿಕೆಗೆ ಆ 'ಆಮೇಲೆ' ಬರೋದೇ ಇಲ್ಲ.

ಇನ್ನೊಂದು, ನಮ್ಮ ಮದುವೆಗಳು ಹೆಚ್ಚಾಗಿ ಬೇಸಿಗೆಯಲ್ಲೇ. ಉರಿಬಿಸಿಲಲ್ಲಿ ಪ್ಯಾಕೆಟ್ ಗಿಡ ಕೈಗೆ ಕೊಟ್ರೆ ಮೂಲೆಯಲ್ಲೇ ಒಣಗುತ್ತೆ. ಆವತ್ತು ಮಾತು ಕೊಡಿ ಸಾಕು. ಮುಂಗಾರಿನಲ್ಲಿ ಎರಡು ಹದ ಮಳೆ ಆದ್ಮೇಲೆ ಗಿಡ ತಗೊಂಡು ಹೋಗಿ, ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ಹಾಕಿ ನೀವೇ ನೆಟ್ಟು ಬನ್ನಿ. ಅವರ ಮನೆ ಊಟವೂ ಆಗುತ್ತೆ.

ನಿಮ್ಮ ಹೊಲದಲ್ಲಿ ನೀರು ಕಟ್ಟದೆ ಬದುಕಿರೋ ಹಣ್ಣಿನ ಮರ ಯಾವುದು? ಮಣ್ಣಿನ ಹೆಸರಿನ ಜೊತೆ ಕೆಳಗೆ ಬರೀರಿ. ಮುಂದೆ ಗಿಡ ಕೊಡೋರಿಗೆ ಉಪಯೋಗ ಆಗಲಿ.