ಮನೆವಾರ್ತೆ: ಕ್ಲಚ್ಚಿನ ಪೆಡಲಿನ ದೂರು

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನವರು ತಮ್ಮ ಕಾರನ್ನು ಮಾರಿಬಿಡಲು ನಿಶ್ಚಯಿಸಿದರು. ಅವರಿಗೆ ವಯಸ್ಸು 74. ಕಾರು 1998ರಲ್ಲಿ ಕೊಂಡ ಮಾರುತಿ 800. ದೊಡ್ಡಮ್ಮನವರನ್ನು ವಾರಕ್ಕೆರಡು ಸಲ ವೈದ್ಯರಲ್ಲಿಗೆ ಕರೆದೊಯ್ಯುವುದೂ, ಸಂತೆಯ ದಿನ ಸಾಮಾನು ತರುವುದೂ ಆ ಬಂಡಿಯಿಂದಲೇ ನಡೆಯುತ್ತಿದ್ದುವು. “ಎಡಗಾಲಿನ ಮಂಡಿಯಲ್ಲಿ ಶಕ್ತಿ ಉಡುಗಿತಪ್ಪಾ, ಕ್ಲಚ್ಚು ತುಳಿಯಲಾಗುವುದಿಲ್ಲ. ಇನ್ನು ಓಡಿಸುವುದು ಅಪಾಯ” ಎಂದರು. ಮನೆಯವರೆಲ್ಲರೂ ವಯೋಧರ್ಮವೆಂದು ತಲೆದೂಗಿದರು. ಬಂಡಿಯನ್ನು ನೋಡಿದ ಗ್ಯಾರೇಜಿನವರು ಕ್ಲಚ್ಚನ್ನು ಪೂರ್ತಿಯಾಗಿ ಬದಲಾಯಿಸಬೇಕೆಂದು ಹೇಳಿ, ಇಷ್ಟು ಹಳೆಯ ಕಾರಿಗೆ ಅಷ್ಟು ವೆಚ್ಚ ತಕ್ಕುದಲ್ಲವೆಂದೂ ಸೇರಿಸಿದರು.

ಒಂದು ಭಾನುವಾರ ನಾವೇ ಹೋಗಿ ಆ ಪೆಡಲನ್ನು ತುಳಿದು ನೋಡಿದೆವು. ನಮ್ಮ ಕಾಲಿಗೂ ಅದು ಕಲ್ಲಿನಂತಿತ್ತು! ದೋಷವು ಮಂಡಿಯದಾಗಿದ್ದರೆ ನಮಗಾದರೂ ಪೆಡಲು ಹಗುರವಾಗಿರಬೇಕಿತ್ತಷ್ಟೆ. ಆ ದಿನ ನಾವು ಅನುಸರಿಸಿದ ಕ್ರಮವು ಹಳೆಯ ಬಂಡಿಯುಳ್ಳ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಕ್ಲಚ್ಚಿನ ಕೆಲಸವನ್ನು ತಿಳಿಯಬೇಕು. ಎಂಜಿನಿನ ಜೊತೆಯಲ್ಲಿ ಸುತ್ತುವ ಭಾರವಾದ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟೆಂಬ ಬಿಲ್ಲೆಯೊಂದು ಅದುಮಿಕೊಂಡಿರುತ್ತದೆ. ಎಂಜಿನಿನ ಶಕ್ತಿಯು ಈ ಬಿಲ್ಲೆಯ ಮೂಲಕ ಗೇರಿಗೂ ಅಲ್ಲಿಂದ ಗಾಲಿಗೂ ಹೋಗುತ್ತದೆ. ಪೆಡಲನ್ನು ತುಳಿದಾಗ ಅದುಮು ಬಿಟ್ಟು, ಎಂಜಿನಿಗೂ ಗೇರಿಗೂ ಇರುವ ಸಂಬಂಧ ಕಡಿಯುತ್ತದೆ. ನಮ್ಮ ಕಾಲಿನ ಬಲವನ್ನು ಅಲ್ಲಿಗೆ ಒಯ್ಯುವುದು ಕೆಲವು ಬಂಡಿಗಳಲ್ಲಿ ಉಕ್ಕಿನ ತಂತಿಯ ಕೇಬಲ್ಲು, ಕೆಲವು ಬಂಡಿಗಳಲ್ಲಿ ಕೊಳವೆಯೊಳಗಿನ ದ್ರವ. 1983ರಿಂದ 2014ರ ವರೆಗೆ ತಯಾರಾದ ಮಾರುತಿ 800 ಕೇಬಲ್ಲಿನ ಬಂಡಿ.

ಪರೀಕ್ಷೆಯನ್ನು ಸುಲಭವಾದುದರಿಂದ ಆರಂಭಿಸಬೇಕು. ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನನ್ನು ಆರಿಸಿರಿ. ಕಾಲಡಿಯ ಮ್ಯಾಟು ಮಡಿಸಿಕೊಂಡು ಪೆಡಲಿಗೆ ಅಡ್ಡಬಂದಿದೆಯೇ ನೋಡಿರಿ. ಅನಂತರ ಪೆಡಲನ್ನು ಬೆರಳಿನಿಂದ ಮೆಲ್ಲನೆ ಅದುಮಿರಿ. ಕೇಬಲ್ಲಿನ ಬಂಡಿಗಳಲ್ಲಿ ಬಿಗಿ ಸಿಕ್ಕುವ ಮೊದಲು ಅದು ಸುಮಾರು 2 ಸೆಂಟಿಮೀಟರು ಸಡಿಲವಾಗಿ ಚಲಿಸಬೇಕು. ನಿಖರವಾದ ಅಳತೆ ಆಯಾ ಬಂಡಿಯ ಕೈಪಿಡಿಯಲ್ಲಿರುತ್ತದೆ. ಈ ಸಡಿಲವು ಇಲ್ಲವಾದರೆ ಬಿಲ್ಲೆ ಪೂರ್ತಿ ಅದುಮಿಕೊಳ್ಳದೆ ಜಾರುತ್ತದೆ. ಅತಿಯಾದರೆ ಬಿಲ್ಲೆ ಪೂರ್ತಿ ಬಿಡದೆ, ಗೇರು ಹಾಕುವಾಗ ಕರಕರನೆ ಸದ್ದಾಗುತ್ತದೆ. ಎಷ್ಟೋ ಬಂಡಿಗಳಲ್ಲಿ ಕೇಬಲ್ಲಿನ ತುದಿಯ ನಟ್ಟನ್ನು ಸರಿಯಾಗಿ ತಿರುಗಿಸುವುದರಿಂದಲೇ ಈ ತೊಂದರೆ ತೀರುತ್ತದೆ.

ಬಿಲ್ಲೆ ಸವೆದಿರುವುದರ ಲಕ್ಷಣ ಬೇರೆ. ಏರು ಹತ್ತುವಾಗ ಎಂಜಿನಿನ ಕೂಗು ಹೆಚ್ಚಿದರೂ ಬಂಡಿಯ ವೇಗ ಹೆಚ್ಚದಿದ್ದರೆ, ಅದರೊಡನೆ ಸುಟ್ಟ ವಾಸನೆಯೂ ಬಂದರೆ, ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಇದನ್ನು ಖಚಿತಪಡಿಸಿಕೊಳ್ಳಲು, ಬಂಡಿಯ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಕೈಬ್ರೇಕನ್ನು ಬಿಗಿಯಾಗಿ ಎಳೆದು, ಬ್ರೇಕನ್ನೂ ತುಳಿದುಕೊಂಡು, ಎಂಜಿನು ನಡೆಯುತ್ತಿರುವಾಗ ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಎಂಜಿನು ಉಸಿರುಕಟ್ಟಿ ನಿಂತುಹೋದರೆ ಬಿಲ್ಲೆಗೆ ಹಿಡಿತವಿದೆ. ಏನೂ ಆಗದಂತೆ ನಡೆಯುತ್ತಲೇ ಇದ್ದರೆ ಹಿಡಿತ ಹೋಗಿದೆ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಾರದು. ಅದರಿಂದಲೇ ಬಿಲ್ಲೆ ಸುಡುವುದುಂಟು.

ಸದ್ದನ್ನೂ ಕಿವಿಗೊಟ್ಟು ಕೇಳಬೇಕು. ಪೆಡಲನ್ನು ತುಳಿದಾಗ ಮಾತ್ರ ಕೀರಲು ಸದ್ದು ಹುಟ್ಟಿದರೆ ಅದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನ ದೂರು. ನ್ಯೂಟ್ರಲಿನಲ್ಲಿ ಇದ್ದ ಸದ್ದು ಪೆಡಲನ್ನು ತುಳಿದೊಡನೆ ಅಡಗಿದರೆ ಗೇರ್‌ಬಾಕ್ಸಿನೊಳಗಿನ ಬೇರಿಂಗನ್ನು ಶಂಕಿಸಬೇಕು.

ದ್ರವದ ಬಂಡಿಗಳಲ್ಲಿ ಪೆಡಲು ಮೆತ್ತಗಾಗಿ ಕೆಳಗಿಳಿದು, ಎರಡು ಮೂರು ಸಲ ತುಳಿದ ಮೇಲೆ ಬಿಗಿಯಾದರೆ, ಕೊಳವೆಯೊಳಗೆ ಗಾಳಿ ಸೇರಿದೆ ಅಥವಾ ದ್ರವ ಸೋರುತ್ತಿದೆ. ದ್ರವದ ಡಬ್ಬಿಯ ಮಟ್ಟವನ್ನೂ, ಪೆಡಲಿನ ಮೇಲ್ಗಡೆ ಮತ್ತು ಗೇರ್‌ಬಾಕ್ಸಿನ ಬಳಿ ಒದ್ದೆಯಿದೆಯೇ ಎಂಬುದನ್ನೂ ನೋಡಬೇಕು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಜಾತಿಯ ದ್ರವವನ್ನೇ ಹಾಕಬೇಕು. ಎಂಜಿನ್ ಆಯಿಲನ್ನು ತಪ್ಪಿಯೂ ಸುರಿಯಬಾರದು. ಅದು ಒಳಗಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಯಾವ ಬಂಡಿಯಲ್ಲೇ ಆಗಲಿ, ಬರಿಯ ಜಾಕಿಯನ್ನು ನಂಬಿ ಅಡಿಗೆ ನುಸುಳುವುದು ಪ್ರಾಣಾಪಾಯ. ಆ ಕೆಲಸ ಬಲ್ಲವರಿಗೇ ಇರಲಿ.

ಇನ್ನು ದೊಡ್ಡಪ್ಪನವರ ಕಾರಿನ ಸಂಗತಿ. ಸಡಿಲದ ಅಳತೆ ಸರಿಯಾಗಿತ್ತು; ಕ್ಲಚ್ಚು ಜಾರುತ್ತಿರಲಿಲ್ಲ; ಸದ್ದೂ ಇರಲಿಲ್ಲ. ಇದ್ದುದು ಭಾರವೊಂದೇ. ಪೆಡಲು ಭಾರವಾಗಲು ಎರಡು ಮುಖ್ಯ ಕಾರಣಗಳುಂಟು: ಕೇಬಲ್ಲು ತನ್ನ ಕವಚದೊಳಗೆ ಸರಾಗವಾಗಿ ಜಾರದಿರುವುದು, ಇಲ್ಲವೆ ಒಳಗಿನ ಸ್ಪ್ರಿಂಗು ಮತ್ತು ಕೀಲುಗಳು ಕೆಟ್ಟಿರುವುದು. ಎರಡನೆಯದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು, ಮೊದಲನೆಯದಕ್ಕೆ ಬೇಡ. ಆದುದರಿಂದ ನಾವು ಪರಿಚಯದ ಮೆಕ್ಯಾನಿಕ್ಕೊಬ್ಬರನ್ನು ಕರೆಸಿ, ಕೇಬಲ್ಲಿನ ತುದಿಯನ್ನು ಬಿಡಿಸಿ, ಒಳತಂತಿಯನ್ನು ಕೈಯಿಂದ ಎಳೆಯಲು ಹೇಳಿದೆವು. ಅದು ಅಲುಗುವುದಕ್ಕೂ ಕಷ್ಟಪಟ್ಟಿತು. ಹೊರತೆಗೆದಾಗ ತುಕ್ಕು ತಿಂದು, ಮೂರೆಳೆ ಕಡಿದು, ಕವಚಕ್ಕೆ ಕಚ್ಚಿಕೊಂಡಿತ್ತು. ಹೊಸ ಕೇಬಲ್ಲು ಹಾಕುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ತಗುಲಿದ ಹಣ ಕ್ಲಚ್ಚು ಬದಲಾಯಿಸುವ ವೆಚ್ಚದ ಅಲ್ಪಾಂಶ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ತಪ್ಪಿತು. ಅಷ್ಟಲ್ಲದೆ, ಎಳೆ ಕಡಿದ ಆ ಕೇಬಲ್ಲು ನಡುದಾರಿಯಲ್ಲಿ ಪೂರ್ತಿ ತುಂಡಾಗಿದ್ದರೆ, ದೊಡ್ಡಮ್ಮನವರು ಬಂಡಿಯಲ್ಲಿರುವಾಗ ಏನಾಗುತ್ತಿತ್ತೋ!

ದೊಡ್ಡಪ್ಪನವರು ಪೆಡಲನ್ನು ಒಮ್ಮೆ ತುಳಿದು, ಮತ್ತೊಮ್ಮೆ ತುಳಿದು, ಮಾತಾಡದೆ ನಮ್ಮ ಮುಖ ನೋಡಿದರು. ಆಮೇಲೆ “ಹಾಗಾದರೆ ನನ್ನ ಕಾಲಲ್ಲವೋ!” ಎಂದರು. ಅಂದಿನ ಸಂಜೆ ದೊಡ್ಡಮ್ಮನವರನ್ನು ಕೂರಿಸಿಕೊಂಡು ದೇವಸ್ಥಾನದ ವರೆಗೆ ಹೋಗಿಬಂದರು. ಇದ್ದಕ್ಕಿದ್ದಂತೆ ಪೆಡಲು ಭಾರವಾಗದೆ, ದಿನದಿನಕ್ಕೆ ಇಷ್ಟಿಷ್ಟೇ ಬಿಗಿಯಾದುದರಿಂದ ಬಂಡಿಯ ದೋಷವನ್ನು ತಮ್ಮ ದೋಷವೆಂದು ಅವರು ನಂಬಿದ್ದರು. ನಾವೂ ವಿಚಾರಿಸದೆ ಒಪ್ಪಿದ್ದೆವು. ಬಂಡಿ ಓಡಿಸುವುದನ್ನು ಬಿಡಬೇಕಾದ ಕಾಲ ಅವರಿಗೂ ಬಂದೀತು. ಅದನ್ನು ಅವರ ಕಣ್ಣು, ಕಿವಿ, ಕಾಲುಗಳು ಹೇಳಲಿ. ತುಕ್ಕು ಹಿಡಿದ ಒಂದು ತಂತಿ ಹೇಳುವುದು ಬೇಡ. ಮನೆಯ ಹಿರಿಯರು ಬಂಡಿ ಭಾರವಾಯಿತೆಂದಾಗ ವಾಚಕರು ಮೊದಲು ತಾವೇ ಒಮ್ಮೆ ಆ ಪೆಡಲನ್ನು ತುಳಿದು ನೋಡಬೇಕೆಂಬುದು ನಮ್ಮ ಬಿನ್ನಹ.