ಬೀಗದ ಹೊಟ್ಟೆಯೊಳಗಿನ ಲೆಕ್ಕ

ಮಕ್ಕಳೇ, ಬೀಗದ ಕೈ ಕಳೆದರೆ ಬೀಗವನ್ನೇ ಬಿಸಾಡಬೇಕೇ? ಎಲ್ಲ ಬೀಗಕ್ಕೂ ಹಾಗಿಲ್ಲ. ಕೆಲವು ಬೀಗಗಳ ಹೊಟ್ಟೆ ಬಿಚ್ಚಿ ಒಳಗಿನ ಪಿನ್ನು ಬದಲಾಯಿಸಿದರೆ, ಹಳೆಯ ಕೈ ಕೆಲಸಕ್ಕೆ ಬಾರದು, ಹೊಸದು ತೆರೆಯುತ್ತದೆ.

ನಮ್ಮ ಪಕ್ಕದ ಮನೆ ಅಜ್ಜಿಯ ಚೀಲ ಬಸ್ಸಿನಲ್ಲಿ ಕಳೆಯಿತು. ಅದರಲ್ಲಿ ಬೀಗದ ಕೈ ಇತ್ತು. ಮನೆ ವಿಳಾಸವಿದ್ದ ಕರೆಂಟ್ ಬಿಲ್ಲೂ ಇತ್ತು! ಒಬ್ಬರೇ ಇರುವ ಅಜ್ಜಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಶ್ಲೇಜ್ ಬೀಗವದು, ಬಿಸಾಡಲು ಮನಸ್ಸಿಲ್ಲ. ಸದ್ಯಕ್ಕೆ ಬೇರೆ ಬೀಗ ಹಾಕಿಕೊಂಡು, ಮಗನಿಂದ ಹೊಸ ಕೈಯನ್ನೂ ಪಿನ್ನುಗಳ ಡಬ್ಬಿಯನ್ನೂ ತರಿಸಿಕೊಂಡರು. ಫಿಟ್ಟರ್ ಕೆಲಸ ಮಾಡಿದವನು ನಾನು. ವರ್ನಿಯರ್ ಹಿಡಿದು ಅವರ ಜಗಲಿಯಲ್ಲಿ ಕೂತೆ. ರಜೆಗೆ ಬಂದಿದ್ದ ಮೊಮ್ಮಗಳು ಪಕ್ಕದಲ್ಲಿ.

ಬೀಗ ತೆರೆದಿದ್ದರೆ ಮಾತ್ರ ಒಳಗಿನ ಸಿಲಿಂಡರ್ ಕಳಚಲು ಬರುತ್ತದೆ. ಇಲ್ಲದಿದ್ದರೆ ಕಳ್ಳನೂ ಸ್ಕ್ರೂಡ್ರೈವರ್ ತರುತ್ತಿದ್ದ! ಸಿಲಿಂಡರ್ ಒಳಗೆ ಕೈ ತೂರಿಸುವ ಹಿತ್ತಾಳೆ ಉರುಳೆ. ಮೇಲಿನಿಂದ ಉರುಳೆಯೊಳಕ್ಕೆ ಸಾಲಾಗಿ ಐದು ತೂತು. ಒಂದೊಂದರಲ್ಲೂ ಒಂದರ ಮೇಲೊಂದು ಎರಡು ಪಿನ್ನು, ಮೇಲೆ ಒತ್ತಿ ಹಿಡಿಯುವ ಸ್ಪ್ರಿಂಗು. ಕೆಳಗಿನ ಪಿನ್ನು ಕೈಯ ಹಲ್ಲಿನ ಹಳ್ಳದಲ್ಲಿ ಕೂರುತ್ತದೆ. ಅದರ ತಲೆ ಸರಿಯಾಗಿ ಉರುಳೆಯ ಅಂಚಿಗೆ ಬಂದು ನಿಲ್ಲಬೇಕು. ಚಿಕ್ಕದಾದರೆ ಮೇಲಿನ ಪಿನ್ನು ಉರುಳೆಯೊಳಕ್ಕೆ ಇಳಿದು ಅಡ್ಡಗಟ್ಟುತ್ತದೆ. ದೊಡ್ಡದಾದರೆ ತಾನೇ ಹೊರಗೆ ಚಾಚಿ ಅಡ್ಡಗಟ್ಟುತ್ತದೆ. ಎರಡರಲ್ಲೂ ಕೈ ತಿರುಗದು.

ಉರುಳೆ ಎಳೆಯುವಾಗ ಅದೇ ದಪ್ಪದ, ಅಂದರೆ ಅರ್ಧ ಇಂಚಿನ ಮರದ ಕಡ್ಡಿಯನ್ನು ಹಿಂದೆಯೇ ತಳ್ಳುತ್ತಾ ಬಂದೆ. ಇಲ್ಲವಾದರೆ ಸ್ಪ್ರಿಂಗುಗಳು ಚಿಮ್ಮಿ, ಆಮೇಲೆ ಮಂಚದಡಿ ಟಾರ್ಚ್ ಹಿಡಿದು ಹುಡುಕಬೇಕು. ಹಳೆಯ ಪಿನ್ನುಗಳನ್ನು ಸುರಿದು, ಹೊಸ ಕೈ ತೂರಿಸಿದೆ.

ಮೊಮ್ಮಗಳು ಡಬ್ಬಿಯಿಂದ ಒಂದು ಪಿನ್ನು ಆರಿಸಿ, “ಇದು ಸರಿಯಾಗಿ ಕಾಣ್ತದೆ ತಾತ,” ಎಂದಳು.

“ಕಣ್ಣಳತೆ ಬೇಡ ಪುಟ್ಟಿ, ವರ್ನಿಯರಿನಲ್ಲಿ ನೋಡು,” ಎಂದೆ.

ಡಬ್ಬಿಯಲ್ಲಿ ಹತ್ತು ಅಳತೆಯ ಪಿನ್ನುಗಳಿದ್ದವು. ಒಂದಕ್ಕೂ ಮುಂದಿನದಕ್ಕೂ ವ್ಯತ್ಯಾಸ 0.38 ಮಿಲಿಮೀಟರ್, ಹೆಚ್ಚುಕಡಿಮೆ ನಾಲ್ಕು ಹಾಳೆ ಕಾಗದದ ದಪ್ಪ. ಆದರೆ ಲೆಕ್ಕ ಸುಲಭ. ಈ ಬೀಗದಲ್ಲಿ ಉರುಳೆಯ ಅಡ್ಡಳತೆ 12.70 ಮಿಲಿಮೀಟರ್. ಕೈಯ ಬೆನ್ನಿನಿಂದ ಹಲ್ಲಿನ ಹಳ್ಳದ ತಳದವರೆಗೆ ಅಳೆದು, ಅದನ್ನು 12.70ರಿಂದ ಕಳೆದರೆ ಪಿನ್ನಿನ ಉದ್ದ! ಮೊದಲ ಹಳ್ಳದಲ್ಲಿ 6.98 ಬಂತು. ಉಳಿದದ್ದು 5.72. ಅವಳು ಆರಿಸಿದ್ದು 6.10. ಮುಖ ಚಿಕ್ಕದು ಮಾಡಿಕೊಂಡಳಾದರೂ ಉಳಿದ ನಾಲ್ಕನ್ನೂ ತಾನೇ ಅಳೆದು ಹಾಕಿದಳು. ಹಳ್ಳ ಆಳವಾದಷ್ಟೂ ಪಿನ್ನು ಉದ್ದ ಎಂದು ನಾನು ಹೇಳುವ ಮೊದಲೇ ಅವಳಿಗೆ ಹೊಳೆದಿತ್ತು.

ಉರುಳೆಯ ಮೇಲೆ ಬೆರಳಾಡಿಸಿ ನೋಡಿದೆವು. ಎಲ್ಲೂ ಉಬ್ಬು ತಗ್ಗು ಇಲ್ಲ. ಕೆಲವರು ಚಾಚಿದ ಪಿನ್ನಿನ ತಲೆಯನ್ನು ಅರದಿಂದ ಉಜ್ಜಿ ಸರಿಮಾಡುತ್ತಾರೆ. ನನಗದು ಹಿಡಿಸದು. ಉಜ್ಜಿ ಉಜ್ಜಿ ಉರುಳೆಯೂ ಸವೆದರೆ ಬೀಗ ಸಡಿಲಾಗುತ್ತದೆ. ಸವೆದ ಹಳೆಯ ಕೈ ಹಿಡಿದು ಅಳೆಯುವುದೂ ಬೇಡ, ಲೆಕ್ಕ ತಪ್ಪುತ್ತದೆ.

ಎಲ್ಲ ಜೋಡಿಸಿದ ಮೇಲೆ, ಮನೆಯಲ್ಲಿ ಉಳಿದಿದ್ದ ಇನ್ನೊಂದು ಹಳೆಯ ಕೈಯನ್ನು ಅಜ್ಜಿಯೇ ತೂರಿಸಿ ತಿರುಗಿಸಿದರು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹೊಸದು ಹಾಕಿದರೆ ಟಕ್ ಎಂದು ತೆರೆಯಿತು. ನಾಲ್ಕು ಸಲ ಹಾಕಿ ತೆಗೆದು, ಆಮೇಲೆ ಕಾಫಿಗೆ ನೀರಿಟ್ಟರು.

ನಿಮಗೊಂದು ಲೆಕ್ಕ: ಅದೇ ಬೀಗದಲ್ಲಿ ಹಳ್ಳದ ಅಳತೆ 7.37 ಮಿಲಿಮೀಟರ್ ಬಂದರೆ ಪಿನ್ನು ಎಷ್ಟುದ್ದ ಇರಬೇಕು? ಉತ್ತರವನ್ನು ಮನೆಯ ತಾತನಿಗೋ ಅಜ್ಜಿಗೋ ಹೇಳಿ.